ರಿಂಗು ತೆಗೆಯದ ಟೇಪು

ಹೊಸಕೋಟೆ
11-11-1973, ಭಾನುವಾರ

ಪ್ರೀತಿಯ ತಂಗಿ ಪಾಪಮ್ಮ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದುಹೋದೆ. ಪುರುಸೊತ್ತು ಸಿಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷಮಿಸು. ಅಮ್ಮ ಗಟ್ಟಿಯಾಗಿದ್ದಾಳೆ. ಹೊಲದಲ್ಲಿ ಅವರೆ ಹೂವು ಕಚ್ಚಿದೆ, ಎಮ್ಮೆ ಹೆಣ್ಣುಗರು ಹಾಕಿದೆ. ರಾಜ್ಯಕ್ಕೆ ಹೊಸ ಹೆಸರು ಬಂದು ಹತ್ತು ದಿನವಾಯಿತು, ನಮ್ಮ ಕಾರ್ಖಾನೆಯ ಗೇಟಿನ ಬೋರ್ಡು ಮಾತ್ರ ಇನ್ನೂ ಮೈಸೂರಿನಲ್ಲೇ ಇದೆ. ನೆಲಮಂಗಲದಲ್ಲಿ ನಿನ್ನನ್ನು ಮಗಳಂತೆ ಇಟ್ಟುಕೊಂಡು ಓದಿಸಿದ ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು.

ನೀನು ಕೇಳಿದ್ದು ಎರಡು ಪ್ರಶ್ನೆ. ಬೆಂಗಳೂರಿನ ಆಫೀಸಿನಿಂದ ಕಂಪ್ಯೂಟರ್ ಆಪರೇಟರ್ ತರಬೇತಿಗೆ ಸಂದರ್ಶನದ ಕಾರ್ಡು ಬಂದಿದೆ, ಹೋಗಲೋ ಬೇಡವೋ ಎನ್ನುವುದು ಮೊದಲನೆಯದು. ಜೊತೆಗೆ ಒಂದು ಚುಚ್ಚುಮಾತು ಬೇರೆ: “ಮನುಷ್ಯರ ಅನ್ನ ಕಿತ್ತುಕೊಳ್ಳುವ ಯಂತ್ರ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದ್ದವನು ನೀನೇ ಅಲ್ಲವೇನೋ ಅಣ್ಣಾ?” ಎರಡನೆಯ ಪ್ರಶ್ನೆ, ಅಮ್ಮ ಕಾರ್ಖಾನೆಯ ಕೆಲಸ ಯಾಕೆ ಬಿಟ್ಟಳು ಎಂಬುದು. ಮಂಡಿ ನೋವು ಎಂದು ಅವಳು ನಿನಗೆ ಹೇಳಿ ಕಳಿಸಿದ್ದು ನನಗೆ ಗೊತ್ತು. ಅವಳ ಮಂಡಿಗೆ ಏನೂ ಆಗಿಲ್ಲ.

ಮೊದಲನೆಯದಕ್ಕೆ ಉತ್ತರ ಸುಲಭ. ಹೋಗು. ಕರಪತ್ರ ಹಂಚಿದ್ದು ನಾನೇ. ಅದರಲ್ಲಿ ಬರೆದದ್ದನ್ನು ಈಗಲೂ ಅರ್ಧ ನಂಬುತ್ತೇನೆ. ಆದರೆ ಯಂತ್ರ ಬಂದೇ ಬರುತ್ತದೆ, ಅದರ ಹತ್ತಿರ ನಮ್ಮವರು ಯಾರಾದರೂ ನಿಂತಿರಬೇಕು. ಕಂಪ್ಯೂಟರ್ ಓದುವ ಕಾರ್ಡುಗಳಲ್ಲಿ ತೂತು ಹಾಕುವ ಮೆಷಿನ್ನುಗಳ ಮುಂದೆ ಹೆಂಗಸರನ್ನು ಸಾಲಾಗಿ ಕೂರಿಸುತ್ತಾರೆ, ಒಳಗಿನ ದೊಡ್ಡ ಯಂತ್ರಕ್ಕೆ ಗಂಡಸರನ್ನು ಮಾತ್ರ ಬಿಡುತ್ತಾರೆ. ಅದಕ್ಕೆ ಒಪ್ಪಬೇಡ. ಒಳಗಿನ ಕೆಲಸ ಯಾವಾಗ ಕಲಿಸುತ್ತೀರಿ ಎಂದು ಸಂದರ್ಶನದಲ್ಲೇ ಕೇಳು. ನಕ್ಕರೆ ಮತ್ತೊಮ್ಮೆ ಕೇಳು. ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ. ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ನೋಡಿಕೊಂಡು ಅವರ ಸ್ನೇಹ ಮಾಡು. ನಮ್ಮ ಕಾರ್ಖಾನೆಯ ಕಂಪ್ಯೂಟರ್ ರೂಮಿಗೆ ಸೇರಿದಾಗ ನಾನು ನಿಘಂಟು ಇಟ್ಟುಕೊಂಡು ದಿನಕ್ಕೆ ಎರಡು ಪುಟದಂತೆ ಓದಿದೆ, ನಿನಗೆ ನನಗಿಂತ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಸ್ವೆಟರ್ ಮರೆಯಬೇಡ, ಯಂತ್ರದ ರೂಮನ್ನು ಸದಾ ತಂಪಾಗಿ ಇಟ್ಟಿರುತ್ತಾರೆ. ಆ ತಂಪು ಯಂತ್ರಕ್ಕಾಗಿ ಮಾಡಿದ್ದು, ಅದಕ್ಕೆ ಸೆಕೆ ಆಗಬಾರದು, ನಿನಗೆ ನೆಗಡಿಯಾದರೆ ಯಾರೂ ಕೇಳುವುದಿಲ್ಲ. ಆ ತಂಪಿನಲ್ಲಿ ನಾಲ್ಕು ತಿಂಗಳು ಕೂತರೆ ಹೊರಗೆ ಬೆವರುವವರಿಗಿಂತ ನಾನು ಮೇಲು ಎನಿಸತೊಡಗುತ್ತದೆ. ನನಗೂ ಅನಿಸಿತ್ತು.

ಇನ್ನು ಲಾಗ್ ಪುಸ್ತಕ. ಎಷ್ಟು ಗಂಟೆಗೆ ಯಾವ ಟೇಪು ಹಾಕಿದೆ, ಏನು ಓಡಿಸಿದೆ ಎಂದು ಬರೆದು ಸಹಿ ಮಾಡುವ ಪುಸ್ತಕ ಅದು. ಏನಾದರೂ ಕೆಟ್ಟರೆ ಕೆಟ್ಟ ಹೊತ್ತಿನಲ್ಲೇ ಬರೆದುಬಿಡು. ಹತ್ತು ನಿಮಿಷ ತಡವಾದರೆ ಕೈ ಏಳುವುದಿಲ್ಲ. ಮೇಲಿನ ಆಫೀಸಿನವರು ಬಾಗಿಲಲ್ಲಿ ನಿಂತು ಅವಸರ ಮಾಡಿದರೆ ಆಗುವುದಿಲ್ಲ ಎನ್ನುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೋ. ಕೂಲಿಕಾರರ ಪರವಾಗಿ ಗೇಟಿನಲ್ಲಿ ಗಂಟಲು ಹರಿಯುವಂತೆ ಕೂಗುವ ನಿನ್ನ ಅಣ್ಣನಿಗೆ, ಅಕೌಂಟ್ಸಿನ ಗುಮಾಸ್ತರೊಬ್ಬರಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಎರಡನೆಯ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಶುರುವಾಗುತ್ತದೆ.

ಪ್ಯಾಕಿಂಗ್ ವಿಭಾಗಕ್ಕೆ ದಿನಗೂಲಿಗೆ ಸೇರಿದವರು ಅಮ್ಮನೂ ಸೇರಿ ಒಟ್ಟು ಮೂವತ್ತೊಂದು ಹೆಂಗಸರು. ಒಂದೇ ವರ್ಷದಲ್ಲಿ ಇನ್ನೂರ ನಲವತ್ತು ದಿನ ದುಡಿದರೆ ಕೆಲಸ ಖಾಯಂ. ಹಿಂದೆ ಹಾಜರಿ ಬರೆಯುತ್ತಿದ್ದ ಟೈಂಕೀಪರ್, ಅವರೆಕಾಯಿ ಕೋಳಿ ತಂದುಕೊಟ್ಟವರ ದಿನ ಉಳಿಸಿ ಕೊಡದವರ ದಿನ ನುಂಗುತ್ತಿದ್ದ. ಅದಕ್ಕೇ ಹೆಂಗಸರು ದಿನಾ ಸಂಜೆ ಗೇಟಿನಲ್ಲಿ ಹರಿದು ಕೊಡುವ ಅರ್ಧ ಹಾಜರಿ ಚೀಟಿಯನ್ನು ಮನೆಗೆ ತಂದು ತಂತಿಗೆ ಪೋಣಿಸಿ ಇಡುತ್ತಿದ್ದರು. ನಮ್ಮ ಮನೆಯ ತಂತಿಯನ್ನು ನೀನು ನೋಡಿದ್ದೀಯ. ಹೋದ ವರ್ಷದ ಕೊನೆಗೆ ಹಾಜರಿ ಪುಸ್ತಕ ಹೋಗಿ ಕಂಪ್ಯೂಟರಿನ ಟೇಪಿಗೆ ಬಂತು. ನನಗೆ ಹಬ್ಬವಾದಂತಾಯಿತು. ಊಟದ ಬಿಡುವಿನಲ್ಲಿ ಹೆಂಗಸರನ್ನೆಲ್ಲ ಹೊಂಗೆ ಮರದ ಕೆಳಗೆ ಕೂರಿಸಿ ಭಾಷಣ ಮಾಡಿದೆ. ಯಂತ್ರಕ್ಕೆ ಜಾತಿಯಿಲ್ಲ, ಲಂಚವಿಲ್ಲ, ನಿಮ್ಮ ಒಂದು ದಿನವೂ ಕಳೆಯುವುದಿಲ್ಲ, ಆ ಕೊಳಕು ಚೀಟಿಗಳನ್ನು ಒಲೆಗೆ ಹಾಕಿ ಎಂದೆ.

ಸಪ್ಪಲಮ್ಮ ಅಂತ ಒಬ್ಬಳಿದ್ದಾಳೆ, ಅಮ್ಮನ ಜೊತೆಗಾತಿ, ಬಾಯಿ ಜೋರು. “ಅಲ್ಲ ಕಣ್ ಸಂಜೀವಾ, ನಿನ್ ಮಿಸನ್ನು ಕೆಟ್ಟೋದ್ರೆ?” ಅಂದಳು.

“ಕೆಡಲ್ಲ ಸಪ್ಪಲಕ್ಕಾ. ಕೆಟ್ರೂ ಮೂರು ಪ್ರತಿ ಇರ್ತದೆ.”

“ಮೂರಾ? ನಮ್ ಮನೇಲಿ ಸೀರೆನೇ ಮೂರಿಲ್ಲ ಕಣ್ಲಾ!” ಎಂದಳು. ಎಲ್ಲರೂ ನಕ್ಕರು. ಆ ವಾರವೇ ಮೂವತ್ತೊಂದು ಮನೆಗಳಲ್ಲೂ ಚೀಟಿಗಳು ಬಚ್ಚಲ ಒಲೆ ಸೇರಿದವು, ಆಮೇಲೆ ಕೊಟ್ಟ ಚೀಟಿಗಳನ್ನೂ ಯಾರೂ ಇಟ್ಟುಕೊಳ್ಳಲಿಲ್ಲ. ಮೊದಲು ಹಾಕಿದವಳು ಅಮ್ಮ.

ಮೂರು ಪ್ರತಿ ಎಂದದ್ದು ಸುಳ್ಳಲ್ಲ. ಪ್ರತಿ ವಾರ ಹಳೆಯ ಟೇಪನ್ನೂ ಆ ವಾರದ ಕಾರ್ಡುಗಳನ್ನೂ ಓದಿಸಿ ಹೊಸ ಟೇಪು ಬರೆಸುತ್ತೇವೆ. ಹೊಸದು ಮಗ, ಅದರ ಹಿಂದಿನದು ತಂದೆ, ಅದಕ್ಕೂ ಹಿಂದಿನದು ತಾತ. ಮಗ ಕೆಟ್ಟರೆ ತಂದೆಯಿಂದ, ತಂದೆ ಕೆಟ್ಟರೆ ತಾತನಿಂದ ಮತ್ತೆ ಮಾಡಿಕೊಳ್ಳಬಹುದು. ಟೇಪಿನ ಸುರುಳಿಯ ಬೆನ್ನಿಗೆ ಒಂದು ಪ್ಲಾಸ್ಟಿಕ್ ರಿಂಗು ಇರುತ್ತದೆ. ಅದು ಇದ್ದರೆ ಮಾತ್ರ ಯಂತ್ರ ಆ ಟೇಪಿನ ಮೇಲೆ ಬರೆಯುತ್ತದೆ, ತೆಗೆದರೆ ಓದುತ್ತದೆ ಅಷ್ಟೆ. ಬರೆಸಿ ಕೆಳಗಿಳಿಸಿದ ಕೂಡಲೇ ರಿಂಗು ತೆಗೆಯಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ರೂಮಿನ ಮೇಲ್ವಿಚಾರಕರು ಆದಿನಾರಾಯಣಪ್ಪನವರು. ದೇವನಹಳ್ಳಿ ಕಡೆಯವರು, ಮಾತು ಕಡಿಮೆ. ಬರೀ ಎಸ್ಸೆಸ್ಸೆಲ್ಸಿ ಓದಿದವನನ್ನು ಒಳಗೆ ಬಿಡಬಾರದು ಎಂದು ಮೇಲಿನವರು ಅಂದಾಗ, “ಹುಡ್ಗ ಓದ್ತಾನೆ, ಬುಡಿ” ಎಂದು ನನ್ನನ್ನು ಕೂರಿಸಿಕೊಂಡವರು.

ಜುಲೈನಲ್ಲಿ ಹೊಸ ಟೇಪುಗಳು ಬರುವುದು ತಡವಾಯಿತು. ಲೆಕ್ಕಪತ್ರದ ಕೆಲಸಕ್ಕೆ ಒಂದು ಟೇಪು ಬೇಕೇಬೇಕು ಎಂದು ಅಕೌಂಟ್ಸಿನವರು ಬಾಗಿಲಲ್ಲಿ ನಿಂತರು. ಆದಿನಾರಾಯಣಪ್ಪನವರು ಅವತ್ತೊಂದು ದಿನ ರಜೆಯಲ್ಲಿದ್ದರು. ಹಾಜರಿಯ ತಾತನನ್ನು ಅಳಿಸಿ ಬರೆದುಕೊಳ್ಳಲು ಕೊಟ್ಟೆ. ಎರಡು ದಿನವಲ್ಲವೇ, ತಂದೆ ಇದ್ದಾನಲ್ಲ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ವಾರದ ಹಾಜರಿ ಓಡಿಸಿ ಖಾಲಿ ಟೇಪಿಗೆ ಹೊಸ ಮಗನನ್ನು ಬರೆಸಬೇಕಿತ್ತು. ಒಂಬತ್ತೂವರೆಗೆ ಗೇಟಿನಲ್ಲಿ ನನ್ನ ಭಾಷಣ, ಅದೂ ಇದೇ ಹೆಂಗಸರಿಗೆ ಕಕ್ಕಸು ಕಟ್ಟಿಸಿಕೊಡಿ ಎಂದು ಕೇಳುವುದಕ್ಕೆ. ತಲೆಯಲ್ಲಿ ಭಾಷಣ ಓಡುತ್ತಿತ್ತು. ಹಿಂದಿನ ವಾರ ಬರೆಸಿದ, ಈಗ ತಂದೆಯಾಗಿ ಉಳಿದಿದ್ದ ಒಂದೇ ಟೇಪಿನ ರಿಂಗನ್ನು ತೆಗೆದೇ ಇರಲಿಲ್ಲ. ಅದನ್ನು ಓದುವ ಕಡೆ ಹಾಕುವ ಬದಲು ಬರೆಯುವ ಕಡೆ ಹಾಕಿ ಬಟನ್ ಒತ್ತಿದೆ. ಯಂತ್ರ ನಾನು ಹೇಳಿದ್ದನ್ನು ಮಾಡಿತು. ಸದ್ದು ನಿಂತಾಗ ಮೂವತ್ತೊಂದು ಜನರ ಎಂಟು ತಿಂಗಳು ಹೋಗಿತ್ತು. ಹಳೆಯ ಕಾರ್ಡುಗಳನ್ನು ತೂಕಕ್ಕೆ ಹಾಕಿ ಆಗಿತ್ತು. ನಾನು ಭಾಷಣಕ್ಕೆ ಹೋದೆ. ಚೆನ್ನಾಗಿಯೂ ಮಾತಾಡಿದೆ, ಚಪ್ಪಾಳೆ ಬಿತ್ತು.

ಆಡಳಿತದವರಿಗೆ ಬೇಕಾಗಿದ್ದೂ ಅದೇ. ದಾಖಲೆ ಇಲ್ಲ, ಆದ್ದರಿಂದ ದಿನವೂ ಇಲ್ಲ ಎಂದು ಆಗಸ್ಟ್ ಕೊನೆಗೆ ಎಲ್ಲರನ್ನೂ ಮನೆಗೆ ಕಳಿಸಿದರು. ಆಗ ನಾನು ಹೆಂಗಸರ ಪರವಾಗಿ ಲೇಬರ್ ಆಫೀಸರಿಗೆ ಒಂದು ಅರ್ಜಿ ಬರೆದೆ. ಖಾಯಂ ಮಾಡುವುದನ್ನು ತಪ್ಪಿಸಲು ಆಡಳಿತದವರು ಬೇಕೆಂದೇ ಟೇಪು ಅಳಿಸಿದ್ದಾರೆ, ಮೇಲ್ವಿಚಾರಕರ ಕೈಯಿಂದ ಇದನ್ನು ಮಾಡಿಸಿದ್ದಾರೆ ಎಂದು. ಒಂದು ಕಾಟೂ ಹೊಡೆಯದೆ ಬರೆದು ಮುಗಿಸಿದೆ ಪಾಪಮ್ಮ, ಅದೇ ನನಗೆ ಈಗ ಹೆದರಿಕೆ. ಒಂದು ಸುಳ್ಳಿನಿಂದ ಮೂವತ್ತೊಂದು ಒಲೆ ಉರಿಯುವುದಾದರೆ ಅದೂ ನ್ಯಾಯವೇ ಎಂದು ನನಗೆ ನಾನೇ ವಾದಿಸಿದೆ. ನಾನು ಓದಿದ ಪುಸ್ತಿಕೆಗಳಲ್ಲಿ ಅದಕ್ಕೆ ಬೇಕಾದ ವಾಕ್ಯಗಳೆಲ್ಲ ಇದ್ದವು.

ಅರ್ಜಿಯ ಪ್ರತಿ ಆದಿನಾರಾಯಣಪ್ಪನವರಿಗೆ ಸಿಕ್ಕಿತು. ನನ್ನ ಎದುರಿಗೇ ನಿಂತು ಪೂರ್ತಿ ಓದಿದರು. ಮಡಚಿ ಜೇಬಿಗೆ ಇಟ್ಟುಕೊಂಡು, “ಅವತ್ತಿನ್ ಲಾಗ್ ಬುಕ್ನಾಗೆ ನಿನ್ ಸೈನ್ ಐತೆ ಕಣಪ್ಪಾ” ಎಂದರು.

ನಾನು ಮೇಜಿನ ಮೇಲಿನ ಕಾರ್ಡುಗಳನ್ನು ಜೋಡಿಸತೊಡಗಿದೆ. ಅವರೇ ಮುಂದುವರಿಸಿದರು.

“ಬುಕ್ಕು ನನ್ ಬೀರಲ್ಲೈತೆ. ಕೇಳಿದೋರ್ಗೆ ಸಿಕ್ತಾ ಇಲ್ಲ ಅಂದಿವ್ನಿ. ಆ ಹೆಂಗಸ್ರಿಗೆ ಕೆಲ್ಸ ಸಿಗೋದಾದ್ರೆ ಸಿಗ್ಲಿ. ನಂಗಿನ್ ಎಂಟೊರ್ಸ ಸರ್ವೀಸು, ಹೋದ್ರೆ ಹೋಗ್ಲಿ.”

ಪುಸ್ತಕ ಬಚ್ಚಿಟ್ಟರೆಂದೇ ಅವರ ಮೇಲೆ ಅನುಮಾನ ಗಟ್ಟಿಯಾಯಿತು. ತಮ್ಮ ಮೇಲೆ ಬರಬಾರದೆಂದು ಆಡಳಿತದವರು ಅವರನ್ನೇ ಸಸ್ಪೆಂಡ್ ಮಾಡಿದರು. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ, ಟಿಫಿನ್ ಕ್ಯಾರಿಯರ್ ಹಿಡಿದು ಗೇಟು ದಾಟುವಾಗ ಕಾವಲಿನವನು ಅವರ ಚೀಲ ತಡಕಿದ. ನಾನು ಕಿಟಕಿಯಿಂದ ನೋಡಿದೆ.

ಎರಡು ತಿಂಗಳು ಹಾಗೇ ಕಳೆದೆ. ನಿಜ ಹೇಳಿದರೆ ಅವರು ಒಳಗೆ ಬರುತ್ತಾರೆ, ಅರ್ಜಿ ಬಿದ್ದುಹೋಗುತ್ತದೆ. ಹೇಳದಿದ್ದರೆ ಹೆಂಗಸರಿಗೆ ಒಂದು ಆಸೆಯಾದರೂ ಉಳಿಯುತ್ತದೆ. ಕೊನೆಗೆ ಈ ಬುಧವಾರ ಹೆಂಗಸರನ್ನು ಅದೇ ಮರದ ಹತ್ತಿರ ಸೇರಿಸಿ ನಡೆದದ್ದು ಹೇಳಿದೆ. ಸಪ್ಪಲಮ್ಮ ಸೆರಗು ಕೊಡವಿ ಎದ್ದಳು.

“ಬೈಯ್ಯಕ್ಕೂ ಆಗ್ದಂಗ್ ಮಾಡ್ದಲ್ಲೋ. ಬ್ಯಾರೇರಾಗಿದ್ರೆ ಮಣ್ ತೂರಿ ಬತ್ತಿದ್ದೆ. ಮುನಿವೆಂಕಟಮ್ಮನ್ ಮಗ ನೀನು, ಏನ್ ಮಾಡಾನ?”

“ನಾಳೆ ವಿಚಾರಣೇಲಿ ನಿಜ ಹೇಳ್ತೀನಿ ಸಪ್ಪಲಕ್ಕಾ. ನಿಮ್ಮ ಕೇಸು ನಿಲ್ಲಲ್ಲ.”

“ಹೇಳು. ಆ ಯಪ್ಪ ಏನ್ ತೆಪ್ ಮಾಡವ್ನೆ?” ಅಂದವಳು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. “ಇನ್ಮೇಕೆ ನಮ್ಗೆ ಏನೂ ಹೇಳ್ಕೊಡಕ್ ಬರ್ಬ್ಯಾಡ ಕಣಪ್ಪಾ.”

ಗುರುವಾರ ವಿಚಾರಣೆಯಲ್ಲಿ ಹೇಳಿ ಬರೆದುಕೊಟ್ಟೆ. ಆದಿನಾರಾಯಣಪ್ಪನವರು ನಾಳೆ ಸೋಮವಾರದಿಂದ ಕೆಲಸಕ್ಕೆ ಬರುತ್ತಾರೆ. ಹೆಂಗಸರ ಅರ್ಜಿ ವಜಾ ಆಯಿತು. ನನ್ನನ್ನು ತೆಗೆದುಹಾಕಿದರು. ಅದಕ್ಕೆ ನನಗೆ ದುಃಖವಿಲ್ಲ, ಆದರೆ ಆ ರೂಮಿನ ಸದ್ದು ಕಿವಿಯಿಂದ ಹೋಗುತ್ತಿಲ್ಲ. ಆ ಕೆಲಸ ನನಗೆ ಇಷ್ಟವಿತ್ತು.

ನೀನು ಹೋಗು ಎಂದೆನಲ್ಲ, ನನ್ನ ಕೆಲಸ ಹೋಯಿತು ಎಂಬ ಕಾರಣಕ್ಕೆ ಹೋಗಬೇಡ. ನಿನಗೆ ಮನಸ್ಸಿದ್ದರೆ ಹೋಗು. ಹೋದರೆ, ಪ್ರತಿ ಟೇಪಿನಲ್ಲೂ ಯಾರದೋ ದಿನಗಳಿವೆ ಎಂದು ನೆನಪಿಟ್ಟುಕೋ. ಯಾರಿಗೂ ಅವರ ಚೀಟಿ ಸುಡಲು ಹೇಳಬೇಡ. ನನಗಿಂತ ನಿಧಾನವಾಗಿ, ನನಗಿಂತ ಚೆನ್ನಾಗಿ ಬಾಳು. ನೀನು ಹಿಡಿದ ಕೆಲಸವೆಲ್ಲ ನೆಟ್ಟಗಾಗಲಿ.

ಇತಿ ನಿನ್ನ ಅಣ್ಣ,
ಸಂಜೀವಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಅರ್ಜಿಗೆ ಹೆಬ್ಬೆಟ್ಟು ಹಾಕಿಸುವ ಹಿಂದಿನ ದಿನವೇ ನಾನು ಅಮ್ಮನಿಗೆ ನಿಜ ಹೇಳಿದ್ದೆ. ಅವಳು ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. ಮರುದಿನ ಹೆಂಗಸರ ಮುಂದೆ ನಾನು ಅರ್ಜಿ ಓದಿ ಹೇಳಿದೆ. ಯಾರೂ ಮುಂದೆ ಬರಲಿಲ್ಲ, ಎಲ್ಲರೂ ಅಮ್ಮನ ಮುಖ ನೋಡಿದರು. ಅವಳು ನನ್ನನ್ನು ಒಮ್ಮೆ ನೋಡಿ ಎದ್ದು ಬಂದು ಮೊದಲ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಮೂವತ್ತು ಜನ ಒತ್ತಿದರು. ಸುಳ್ಳೆಂದು ಗೊತ್ತಿದ್ದು ಒತ್ತಿದವಳು ಅವಳೊಬ್ಬಳೇ. ನಾನು ಒತ್ತಿಸಿಕೊಂಡೆ.

ಅಂದಿನಿಂದ ಅಮ್ಮ ನನಗೆ ಊಟ ಬಡಿಸುತ್ತಾಳೆ, ಮಾತಾಡುತ್ತಾಳೆ, ಆದರೆ ನನ್ನ ಕೈಯಲ್ಲಿ ಯಾವ ಕಾಗದವನ್ನೂ ಓದಿಸುವುದಿಲ್ಲ. ಅವಳಿಗೆಂದು ನೀನು ಬೇರೆ ಬರೆದು ಕಳಿಸುವ ಕಾರ್ಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಪೋಸ್ಟ್‌ಮ್ಯಾನ್ ಮನೆಗೆ ಹೋಗಿ ಓದಿಸಿಕೊಂಡು ಬರುತ್ತಾಳೆ. ನಾನು ಜಗಲಿಯ ಮೇಲೇ ಕೂತಿರುತ್ತೇನೆ.