ಬಿಳಿ ತುಂಬಿದ ಬಿರುಕು

ಕಲ್ಲಿನ ಶೆಡ್ಡು, ಹಿಂದಿನ ಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋಗಿ ಕೈ ತಡೆಯಿತು. ನೀನು ನಮ್ಮ ಮನೆಗೆ ಬಂದಾಗಿನಿಂದ ಹಾಗೆ ಕರೆದವನಲ್ಲ, ಈಗೇಕೆ ಕರೆಯಲಿ. ಹೇಗಿದ್ದೀಯ? ತಲೆನೋವು ಕಡಿಮೆಯಾಯಿತೇ? ಊಟ ಮಾಡುತ್ತೀಯೋ, ಇಲ್ಲ ತಟ್ಟೆಯ ಮುಂದೆ ಸುಮ್ಮನೆ ಕೂತು ಎದ್ದುಬಿಡುತ್ತೀಯೋ? ಗುಬ್ಬಿಗೆ ಮುಂದಿನ ಎರಡು ಹಲ್ಲು ಬಂದಿವೆ, ಅಪ್ಪನಿಗಿದ್ದ ಹಾಗೆಯೇ ನಡುವೆ ಸಂದಿದೆ ಎಂದು ನಿನ್ನ ತಮ್ಮ ಹೇಳಿದ. ಅದನ್ನು ನಿಮ್ಮತ್ತೆಗೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ನೀನು ಯಾರ ಫೋನನ್ನೂ ಎತ್ತುವುದಿಲ್ಲವಂತೆ. ಇರಲಿ, ನನಗೂ ಫೋನಿನಲ್ಲಿ ಮಾತು ಹೊರಡುವುದಿಲ್ಲ. ಮೀಸೆ ಡ್ರೈವರ್ ಇವತ್ತು ನಿಮ್ಮ ಊರಿನ ಕಡೆಗೆ ಲಾರಿ ಒಯ್ಯುತ್ತಿದ್ದಾನೆ. ಈ ಕಾಗದವನ್ನು ಅವನ ಕೈಯಲ್ಲಿ ಕಳಿಸುತ್ತೇನೆ.

ಮನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಿನ್ನ ಗಂಡನ ಕೆಲಸದ ಅಂಗಿಯನ್ನು ಒಗೆಯಲು ನಿಮ್ಮತ್ತೆ ಬಿಡುತ್ತಿಲ್ಲ. ಸಿಮೆಂಟ್ ಹಿಡಿದು ಅದು ಎಷ್ಟು ಬಿರುಸಾಗಿದೆಯೆಂದರೆ ಗೋಡೆಗೆ ಒರಗಿಸಿದರೆ ತಾನೇ ನಿಲ್ಲುತ್ತದೆ. ಬೆಂಕಿಯಲ್ಲಿ ಅವನ ಜೊತೆಯಲ್ಲೇ ಹೋದ ಪಂಪ್ ಮೆಕ್ಯಾನಿಕ್‌ನ ಹೆಂಡತಿ ನಮ್ಮ ಸಾಲಿನ ಕೊನೆಯ ಮನೆಯಲ್ಲಿದ್ದಾಳಲ್ಲ, ಅವಳು ನೀರು ಹಿಡಿಯಲು ಬಂದರೆ ನಿಮ್ಮತ್ತೆ ಅರ್ಧ ತುಂಬಿದ ಬಕೆಟ್ಟನ್ನೇ ಎತ್ತಿಕೊಂಡು ಬರುತ್ತಾಳೆ. ಆ ಹೆಂಗಸು ಬೈದದ್ದೂ ಇಲ್ಲ, ಶಪಿಸಿದ್ದೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನೀನು ಹೋದ ಸಲ ಬರೆದದ್ದು ಎರಡೇ ಸಾಲು. “ಆ ಕಲ್ಲು ನಿಮ್ಮ ಕೈಗೇ ಬರತ್ತಂತೆ ಮಾವ. ಏನಾದ್ರೂ ಮಾಡಿ ಅವರ ಹೆಸರು ಉಳಿಸಿ.” ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಮೊದಲಿನಿಂದ ಹೇಳುತ್ತೇನೆ, ಬೇಸರಪಡದೆ ಓದು.

ಅನಿಲ ತೆಗೆಯುವ ಬಾವಿಗೆ ಇಳಿಸಿದ ಕಬ್ಬಿಣದ ಪೈಪಿಗೂ ಸುತ್ತಲಿನ ಕಲ್ಲಿಗೂ ನಡುವೆ ಸಿಮೆಂಟ್ ತುಂಬುವುದು ಅವನ ಕೆಲಸವಾಗಿತ್ತು. ಅನಿಲ ಆ ಪೈಪಿನ ಹೊರಬದಿಯಿಂದಲೇ ಮೇಲೆ ನುಗ್ಗಿ ಹೊತ್ತಿಕೊಂಡಿತು, ಅಲ್ಲಿದ್ದ ನಾಲ್ವರೂ ಅದರಲ್ಲಿ ಹೋದರು. ತನಿಖೆಯವರ ಮುಂದೆ ಈಗ ಇರುವ ಪ್ರಶ್ನೆ ಒಂದೇ. ಅವನ ಸಿಮೆಂಟ್ ಹಿಡಿಯಲಿಲ್ಲವೋ, ಇಲ್ಲ ಕೆಳಗಿನ ಕಲ್ಲಿನಲ್ಲೇ ಬಿರುಕಿದ್ದು ಅನಿಲ ಅದರಲ್ಲಿ ದಾರಿ ಮಾಡಿಕೊಂಡಿತೋ? ಬಾವಿ ಕೊರೆಯುವಾಗ ಆಳದಿಂದ ತೆಗೆದಿಟ್ಟ ಕೋಲಿನಾಕಾರದ ಕಲ್ಲುಗಳು ನಮ್ಮ ಶೆಡ್ಡಿನಲ್ಲಿವೆ. ಅನಿಲವಿದ್ದ ಮರಳುಗಲ್ಲು ಮತ್ತು ಅದರ ಮೇಲೆ ಮುಚ್ಚಳದ ಹಾಗೆ ಕೂತ ಗಟ್ಟಿ ಪದರ, ಇವೆರಡೂ ಕೂಡುವ ಜಾಗದಲ್ಲಿ ನಿಜವಾಗಿಯೂ ಒಂದು ಬಿರುಕಿತ್ತು. ಅದು ತೆರೆದಿದ್ದರೆ ತಪ್ಪು ಕಲ್ಲಿನದು, ನಮ್ಮ ಹುಡುಗನದಲ್ಲ. ಕಲ್ಲಿನ ಮೇಡಂ, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವವರು, ನನ್ನನ್ನು ಕರೆದು, “ನಿಮಗೆ ಕಷ್ಟ ಆದ್ರೆ ಹೇಳಿ ಯಜಮಾನ್ರೇ, ಹೊರಗೆ ಕಳಿಸಿ ಮಾಡಿಸ್ತೀನಿ” ಎಂದರು. ಬೇಡ, ನಾನೇ ಮಾಡುತ್ತೇನೆ ಎಂದೆ.

ನನ್ನ ಕೆಲಸವೇನು ಎಂದು ನೀನು ಒಮ್ಮೆ ಕೇಳಿದ್ದೆ, ಆಗ ಅವನು ನಗಾಡಿ ಮಾತು ಮರೆಸಿದ. ಕಲ್ಲಿಗೆ ನೀಲಿ ಬಣ್ಣದ ತೆಳು ಅಂಟನ್ನು ಹೀರಿಸಿ, ಗಾಜಿಗೆ ಹಚ್ಚಿ, ಬೆಳಕು ತೂರುವಷ್ಟು ತೆಳ್ಳಗೆ ಉಜ್ಜುವುದು. ಎಲ್ಲೆಲ್ಲಿ ಖಾಲಿ ಜಾಗವಿತ್ತೋ ಅಲ್ಲೆಲ್ಲ ನೀಲಿ ಕಾಣುತ್ತದೆ. ಮರಳಿನ ಕಣಗಳನ್ನು ಕಲ್ಲಾಗಿಸಿದ ಅಂಟೂ ಅದರಲ್ಲಿ ಕಾಣುತ್ತದೆ. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಹಾಗೆಯೇ. ನೆಲದೊಳಗೆ ಹರಿದ ನೀರು ತಾನು ಹೊತ್ತು ತಂದದ್ದನ್ನು ಕಣಗಳ ಮೇಲೆ ಪೊರೆ ಪೊರೆಯಾಗಿ ಬಿಟ್ಟುಹೋಗುತ್ತದೆ. ಯಾವ ಪೊರೆ ಕೆಳಗೆ, ಯಾವುದು ಮೇಲೆ ಎಂದು ನೋಡಿ, ಯಾವ ನೀರು ಮೊದಲು ಹಾಯಿತು, ಎಣ್ಣೆ ಯಾವಾಗ ಬಂತು, ದಾರಿ ಯಾವಾಗ ಮುಚ್ಚಿತು ಎಂದೆಲ್ಲ ಮೇಡಂ ಓದುತ್ತಾರೆ. ಅವನಿಗೆ ಇದೆಲ್ಲ ತಮಾಷೆ. “ಅಪ್ಪಾ, ನಿಮ್ಮ ಕಲ್ಲಿನ ಅಂಟು ಕಟ್ಟೋಕೆ ಕೋಟಿ ವರ್ಷ, ನಂದು ಬೆಳಗಾಗೋದ್ರೊಳಗೆ ಗಟ್ಟಿ. ಯಾರು ಜಾಣರು ನೀವೇ ಹೇಳಿ” ಅನ್ನುತ್ತಿದ್ದ. ನಿಮ್ಮತ್ತೆ ಒಳಗಿನಿಂದಲೇ, “ಅಪ್ಪನೂ ಅಂಟು, ಮಗನೂ ಅಂಟು, ನನ್ನ ಜಗ್ಗಿನ ಹಿಡಿ ಮುರಿದು ಯುಗ ಆಯ್ತು, ಅಂಟಿಸೋರಿಗೆ ಗತಿ ಇಲ್ಲ” ಎಂದು ಕೂಗುತ್ತಿದ್ದಳು.

ಕಲ್ಲನ್ನು ಕೊಯ್ದು ನೋಡಿದೆ. ಬಿರುಕಿನ ತುಂಬ ಬಿಳಿ ಸುಣ್ಣದ ಹರಳು. ಒಂದು ಕೂದಲು ತೂರುವಷ್ಟೂ ಜಾಗವಿರಲಿಲ್ಲ. ಒಂದು ಕಾಲಕ್ಕೆ ಅದು ದಾರಿಯಾಗಿತ್ತು, ಆಮೇಲೆ ಮುಚ್ಚಿಕೊಂಡಿತ್ತು. ನಿನ್ನ ಆ ಎರಡು ಸಾಲು ನನ್ನ ಜೇಬಿನಲ್ಲಿತ್ತು. ಸುಣ್ಣದ ಹರಳಿಗೆ ಆಸಿಡ್ ತಾಗಿದರೆ ನೊರೆಯೆದ್ದು ಕರಗುತ್ತದೆ, ಅದು ಈ ಶೆಡ್ಡಿನಲ್ಲಿ ಕಸ ಗುಡಿಸುವವರಿಗೂ ಗೊತ್ತು. ನೀಲಿ ಅಂಟು ಹೀರಿಸುವ ಮೊದಲು ಬಿರುಕಿನ ಉದ್ದಕ್ಕೂ ಆಸಿಡ್ಡನ್ನು ಹನಿ ಹನಿಯಾಗಿ ಬಿಟ್ಟೆ. ಅದು ಚುರುಗುಟ್ಟಿತು. ತೊಳೆದು, ಒಣಗಿಸಿ, ಅಂಟು ಹೀರಿಸಿ, ಉಜ್ಜಿ, ಬೆಳಕಿಗೆ ಹಿಡಿದೆ. ಬಿರುಕು ಈ ತುದಿಯಿಂದ ಆ ತುದಿಗೆ ನೀಲಿಯಾಗಿತ್ತು. ಮಗಳೇ, ಅಷ್ಟು ಚೆಂದದ ಚೂರನ್ನು ನನ್ನ ಜೀವಮಾನದಲ್ಲಿ ನಾನು ಮಾಡಿರಲಿಲ್ಲ.

ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆಯೇ, “ಇದು ಭೂಮಿ ಒಳಗೆ ಕರಗಿದ್ದಲ್ಲ ಯಜಮಾನ್ರೇ, ಈ ಬೆಂಚಿನ ಮೇಲೆ ಕರಗಿದ್ದು” ಎಂದರು. ಕೆಳಗಿನ ನೀರು ತಿಂದಿದ್ದರೆ ಅಕ್ಕಪಕ್ಕದ ಕಣಗಳ ನಡುವಿನ ಸುಣ್ಣವನ್ನೂ ತಿನ್ನುತ್ತಿತ್ತಂತೆ, ಇಲ್ಲಿ ಬಿರುಕು ಮಾತ್ರ ಬರಿದಾಗಿದೆ. ಕೆಲಸ ಹೋಯಿತು, ಮಾನವೂ ಹೋಯಿತು ಅಂದುಕೊಂಡೆ. ಅವರು ಬೈಯಲಿಲ್ಲ. “ಇನ್ನರ್ಧ ಕಲ್ಲಿದೆ. ಇನ್ನೊಂದು ಮಾಡಿಕೊಡಿ, ಕಾಯ್ತೀನಿ” ಎಂದರು. ಚೂರನ್ನು ಪಕ್ಕಕ್ಕಿಟ್ಟು, “ನಿಮ್ಮ ಮಗ ಸಿಮೆಂಟ್ ಹಾಕಿದ್ದು ಇದೊಂದೇ ಬಾವಿಗಾ? ಬಿರುಕೇ ಕಾರಣ ಅಂತ ನಾನು ಬರೆದ್ರೆ ಉಳಿದ ಬಾವಿಗಳನ್ನ ಯಾರೂ ಮುಟ್ಟಿ ಕೂಡ ನೋಡಲ್ಲ” ಎಂದರು. ನಾನು ಅವನ ಹೆಸರೊಂದನ್ನೇ ಹಿಡಿದುಕೊಂಡು ಕೂತಿದ್ದೆ. ಆ ಮಾತು ಕೇಳಿದ ಮೇಲೆ ಉಳಿದರ್ಧ ಕಲ್ಲನ್ನು ಎತ್ತಿಕೊಂಡು ಬೆಂಚಿಗೆ ಹೋದೆ.

ಎರಡನೆಯದನ್ನು ಸರಿಯಾಗಿ ಮಾಡಿದೆ. ಮೇಡಂ ನನ್ನನ್ನೂ ಕೂರಿಸಿ ತೋರಿಸಿದರು. ಕಣಗಳ ಸುತ್ತ ಗಾಜಿನಂಥ ತೆಳು ಪೊರೆ, ಅದು ಮೊದಲು ಬಂದ ಬಿಸಿನೀರಿನದು. ಅದರ ಮೇಲೆ ಬಿಳಿ ಸುಣ್ಣ. ಸುಣ್ಣದೊಳಗೆ ಸಿಕ್ಕಿಬಿದ್ದ ಎಣ್ಣೆಯ ಸಣ್ಣ ಹನಿಗಳು, ನೇರಳೆ ದೀಪ ಹಾಕಿದರೆ ಮಿನುಗುತ್ತವೆ. ಅದಾದ ಮೇಲೆ ಏನೂ ಇಲ್ಲ. “ಇಲ್ಲಿಂದಾಚೆ ಈ ದಾರೀಲಿ ಯಾರೂ ಹಾದಿಲ್ಲ” ಎಂದರು. ಅವನನ್ನು ಕೊಂದ ಅನಿಲದ ಗುರುತು ಆ ಕಲ್ಲಿನಲ್ಲಿ ಎಳ್ಳಷ್ಟೂ ಇಲ್ಲ. ಅವನ ಸಿಮೆಂಟ್ ಏಕೆ ಹಿಡಿಯಲಿಲ್ಲ ಎಂದೂ ಅದು ಹೇಳುವುದಿಲ್ಲ. ಹದ ತಪ್ಪಿತೋ, ಚೀಲದಲ್ಲೇ ದೋಷವಿತ್ತೋ, ಗಟ್ಟಿಯಾಗುವ ಮೊದಲೇ ಮೇಲಿನವರು ಅವಸರ ಮಾಡಿದರೋ, ಇನ್ನು ಮುಂದೆ ಹುಡುಕಬೇಕು. ಸದ್ಯಕ್ಕೆ ಜನ ಅವನ ಹೆಸರನ್ನೇ ಹೇಳುತ್ತಾರೆ. ನಿನ್ನ ಮಾತನ್ನು ನಾನು ನಡೆಸಿಕೊಡಲಿಲ್ಲ. ನಡೆಸಿದ್ದೆ, ಉಳಿಸಿಕೊಳ್ಳಲಿಲ್ಲ. ನಿಮ್ಮತ್ತೆಗೆ ಇನ್ನೂ ಹೇಳಿಲ್ಲ. ಇವತ್ತು ಮನೆಗೆ ಹೋಗಿ ಹೇಳಬೇಕು, ಆಮೇಲೆ ಕೊನೆಯ ಮನೆಯ ಬಾಗಿಲನ್ನೂ ತಟ್ಟಬೇಕು.

ನಿನ್ನ ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು. ಗುಬ್ಬಿಯ ನೆತ್ತಿಯ ಮೇಲೆ ನನ್ನ ಕೈ ಇದೆ ಎಂದುಕೋ. ನಿನಗೆ ಒಳ್ಳೆಯದಾಗಲಿ ಎಂದು ಬರೆಯುವ ಮುಖ ನನಗಿಲ್ಲ, ಆದರೂ ಆಗಲಿ.

ಇಂತು,
ನಿನ್ನ ಮಾವ

ಮರೆತೆ ಎಂದು ಸುಳ್ಳು ಹೇಳಲಾರೆ. ಮೊದಲ ಸಾಲಿನಲ್ಲೇ ಬರೆಯಬೇಕಾದದ್ದು, ಕೈ ಬರಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನನ್ನ ಮಗ ನಿನ್ನನ್ನು ಮೊದಲು ನೋಡಿದ ವರ್ಷ ನಿಮ್ಮ ಊರಿಗೆ ಬಂದದ್ದು ಇದೇ ಕೆಲಸಕ್ಕೆ. ನಿಮ್ಮ ಹಿತ್ತಲಿನ ಬೇಲಿಯಾಚೆಯ ಬಾವಿಗೆ ಸಿಮೆಂಟ್ ಹಾಕಿದವನು ಅವನೇ. ಮೇಡಂ ಬೆಳಿಗ್ಗೆಯೇ ಅಲ್ಲಿಯವರಿಗೆ ತಿಳಿಸಿದ್ದಾರೆ, ಪರೀಕ್ಷೆಗೆ ಯಾವಾಗ ಬರುತ್ತಾರೋ ಗೊತ್ತಿಲ್ಲ. ಹಿತ್ತಲಿನಲ್ಲಿ ಯಾರೂ ಬೆಂಕಿಕಡ್ಡಿ ಗೀರದಿರಲಿ. ಅಕ್ಕಪಕ್ಕದವರಿಗೂ ಹೇಳು. ಗುಬ್ಬಿಯನ್ನೂ ಅಪ್ಪ ಅಮ್ಮನನ್ನೂ ಕರೆದುಕೊಂಡು ಇದೇ ಲಾರಿಯಲ್ಲಿ ಹೊರಟು ಬಾ, ನೀವು ಹತ್ತುವವರೆಗೆ ಡ್ರೈವರ್ ಅಲ್ಲಿಂದ ಕದಲುವುದಿಲ್ಲ. ನನ್ನ ಮೇಲೆ, ನನ್ನ ಮಗನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟನ್ನೂ ಇಲ್ಲಿಗೆ ಬಂದು ಮಾಡು.