ಲೋಟದಲ್ಲಿ ಉಳಿಯುವುದು

ಮಾರ್ಚ್ ೪, ಸೋಮವಾರ. ಬೆಳಗ್ಗೆ

"ನೀರು ಕುಡಿದಿಟ್ಟ ಲೋಟದಲ್ಲಿ ಉಳಿಯುವುದು…" — ಆಮೇಲೆ? ತಂಪು ಅಂತಲೇ ನೆನಪು. ಸಿಂಕಿನ ಮುಂದೆ ಲೋಟ ತೊಳೆಯುತ್ತಾ ನಿಂತವಳಿಗೆ ಅನುಮಾನ ಬಂತು. ತಂಪು ಎನ್ನುವಷ್ಟು ಸುಲಭದ ಮಾತಿಗೆ ಅಕ್ಕ ಒಪ್ಪುವವಳಲ್ಲ. "ಮೊದಲು ಬಂದ ಪದಾನ ವಾಪಸ್ ಕಳಿಸ್ಬೇಕು. ಸರಿಯಾದ್ದು ಆಮೇಲೆ ತಾನೇ ಬಂದು ಬಾಗಿಲು ತಟ್ಟುತ್ತೆ" ಅನ್ನುತ್ತಿದ್ದಳು. ಹಾಗಾದರೆ ಸದ್ದು? ತೇವ? ಯಾವುದೂ ಕೂರುತ್ತಿಲ್ಲ.

ಕೇಳೋಣವೆಂದರೆ ಅಕ್ಕ ಇಲ್ಲ. ಚಳಿಗಾಲದಲ್ಲೇ ಹೋದಳು. ಅದಕ್ಕೂ ಎಷ್ಟೋ ಮುಂಚೆ ಕಣ್ಣು ಹೋಗಿತ್ತು. ಕಣ್ಣು ಹೋದ ಮೇಲಿನ ಪದ್ಯಗಳೆಲ್ಲ ಬಾಯಲ್ಲೇ ಕಟ್ಟಿದ್ದು, ಫೋನಿಗೆ ಹೇಳಿದ್ದು. ಕಾಗದದ ಮೇಲೆ ಒಂದಕ್ಷರ ಇಲ್ಲ. ಫೋನ್ ತುಂಬಿಹೋದಾಗ ಒಂದು ಎಸ್‌ಎಸ್‌ಡಿ ತರಿಸಿಕೊಂಡಳು, ಫೋನಿಗೆ ಚುಚ್ಚಿ ಧ್ವನಿ ತುಂಬಿಡುವ ಡ್ರೈವ್ — ಬಿಸ್ಕತ್ತಿನಷ್ಟು ಗಾತ್ರ, ತುದಿಯಲ್ಲಿ ನೀಲಿ ದೀಪ. ಈಗ ಅವಳ ಪದ್ಯ ಅಂತ ಇರುವುದು ಅದರೊಳಗೆ ಮಾತ್ರ.

ನನ್ನ ಫೋನಿಗೆ ಚುಚ್ಚಿ ನೋಡಿದೆ. ದೀಪ ಹತ್ತಿತು. ಪರದೆಯ ಮೇಲೆ: ಈ ಡ್ರೈವ್ ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ? ಅಂದರೆ, ಒಳಗಿರುವುದನ್ನೆಲ್ಲ ಅಳಿಸಲೇ? ಎಷ್ಟು ವಿನಯ! ಕಾಫಿಗೆ ಸಕ್ಕರೆ ಹಾಕಲೇ ಎಂದು ಕೇಳಿದ ಹಾಗೆ.

ಬೇಡ ಎಂದು ಒತ್ತಿದೆ. ಕ್ಲಿನಿಕ್ಕಿಗೆ ತಡವಾಯಿತು.

ಮಾರ್ಚ್ ೫, ಮಂಗಳವಾರ

ದಿನವಿಡೀ ಕಿವಿ ಪರೀಕ್ಷೆ. ಗಾಜಿನ ಆಚೆ ಸದ್ದು ನುಗ್ಗದ ಬೂತು, ಈಚೆ ನಾನು. "ಸದ್ದು ಕೇಳಿಸಿದರೆ ಬೆರಳೆತ್ತಿ." ಇಷ್ಟು ವರ್ಷದಿಂದ ಇದೊಂದೇ ವಾಕ್ಯ. ಎರಡು ಪದವಿ ಓದಿದ್ದು ಇದಕ್ಕೇನಾ ಎಂದು ಅಕ್ಕ ರೇಗಿಸುತ್ತಿದ್ದಳು.

ಊಟದ ಹೊತ್ತಿಗೆ ನಮ್ಮ ಜೂನಿಯರ್ ಹುಡುಗಿ ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿದಳು, ಆಮೇಲೆ ಅವಳ ಫೋನಿಗೆ, ರಿಸೆಪ್ಷನ್ ಫೋನಿಗೆ. ಎಲ್ಲೆಲ್ಲೂ ಅದೇ ಪ್ರಶ್ನೆ.

"ಮೇಡಂ, ಇದಕ್ಕೆ ಯಾರೂ ಆಗಿಬರಲ್ಲ. ನಮ್ಮ ಅತ್ತೆ ಥರ."

ನಗು ಬಂತು. ಅಕ್ಕ ಹೋದಮೇಲೆ ಕ್ಲಿನಿಕ್ಕಿನಲ್ಲಿ ನಕ್ಕದ್ದು ಇದೇ ಮೊದಲಿರಬೇಕು.

ಮಾರ್ಚ್ ೯, ಶನಿವಾರ

ರಿಪೇರಿ ಅಂಗಡಿಯವನು ಡ್ರೈವನ್ನು ಅಂಗೈಯಲ್ಲಿಟ್ಟುಕೊಂಡು ತೂಗಿದ. ಕುತ್ತಿಗೆಗೆ ಭೂತಗನ್ನಡಿ, ಕಿವಿ ಮೇಲೆ ಸ್ಕ್ರೂಡ್ರೈವರ್.

"ಇದಕ್ಕೆ ಮದುವೆ ಆಗ್ಬಿಟ್ಟಿದೆ ಮೇಡಂ."

"ಯಾರ ಜೊತೆ?"

"ನಿಮ್ಮಕ್ಕನ ಫೋನ್ ಜೊತೆ. ಕೆಲವು ಫೋನು ಮೊದಲ ಸಲ ಚುಚ್ಚಿದಾಗ ಕೇಳ್ತವೆ — ಇದು ಬಂದುಹೋಗೋ ನೆಂಟನಾ, ಮನೆಯವನಾ ಅಂತ. ಅವರು ಮನೆಯವನು ಅಂದಿದಾರೆ. ಆಮೇಲೆ ಬರೆದಿದ್ದಕ್ಕೆಲ್ಲ ಬೀಗ. ಬೀಗದ ಕೈ ಆ ಫೋನಿನ ಹೊಟ್ಟೇಲಿ. ಬೇರೆಯವರಿಗೆ ಇದರಲ್ಲಿರೋದು ಬರೀ ಕಸ."

ಅಕ್ಕನ ಫೋನು ಪರದೆಯ ಮಾತನ್ನು ಅವಳಿಗೆ ಓದಿ ಹೇಳುತ್ತಿತ್ತು. ಅದು ಏನು ಕೇಳಿದರೂ ಅವಳು ಹೂಂ ಅನ್ನುತ್ತಿದ್ದಳು. ಪಾಪ, ಕೇಳುತ್ತಿದೆಯಲ್ಲ ಅಂತ.

ಫೋನ್ ಬೀರುವಿನಲ್ಲಿತ್ತು. ಬ್ಯಾಟರಿ ಊದಿ ಬೆನ್ನು ಬಿರಿದಿದೆ. ಚಾರ್ಜ್ ಚುಚ್ಚುವ ಜಾಗ ಸಡಿಲ. ಒಯ್ದು ಕೊಟ್ಟೆ. ಸಾಮಾನು ಬರಬೇಕು, ತಡವಾಗುತ್ತದೆ ಅಂದ.

ಮಾರ್ಚ್ ೧೪, ಗುರುವಾರ. ಸಂಜೆ

ಪಕ್ಕದ ಮನೆಯ ಟೈಲರಮ್ಮ ಬಂದು ತನ್ನ ಕಿವಿ ಮಿಷನ್ ಮೇಜಿನ ಮೇಲೆ ಕುಕ್ಕಿದಳು. "ಏನ್ ಡಾಕ್ಟ್ರೇ, ಇದಕ್ಕೇ ಕಿವುಡು ಬಂದಿದೆ!" ಇಡೀ ಬೀದಿಗೆ ಕೇಳಿಸಿರಬೇಕು.

ತೇವ ಸೇರಿ ಕೆಟ್ಟಿದೆ. ಬಿಡಿಭಾಗ ಬರುವವರೆಗೆ ನನ್ನ ಹತ್ತಿರವೇ ಇರಲಿ ಎಂದು ತುಟಿ ಬಿಡಿಸಿ ಹೇಳಿದೆ. ಅವಳ ಕಿವಿ ಅಳೆದವಳು ನಾನೇ. ಎಡಗಿವಿ ಪೂರ್ತಿ ಇಲ್ಲ. ಬಲಗಿವಿಗೆ ಲಾರಿ ಹಾರ್ನ್ ಕೂಡ ಸೊಳ್ಳೆ. ಮಿಷನ್ ಹಾಕಿದರೂ ಬರೀ ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ. ತುಟಿ ನೋಡಿ ಸಂಸಾರ ನಡೆಸುವವಳು.

ಅಕ್ಕನ ಕೋಣೆಗೂ ಅವಳ ಹೊಲಿಗೆ ಕೋಣೆಗೂ ನಡುವೆ ಒಂದೇ ಗೋಡೆ. ಎಂಥ ಜೋಡಿ! ಇವಳು ಸನ್ನೆ ಮಾಡಿದರೆ ಅಕ್ಕನಿಗೆ ಕಾಣದು, ಅಕ್ಕ ಮಾತಾಡಿದರೆ ಇವಳಿಗೆ ಕೇಳದು. ಅಕ್ಕ ಮುಖ ತಗ್ಗಿಸಿಕೊಂಡೇ ಮಾತಾಡುವವಳು, ತುಟಿಯೂ ಸಿಗುತ್ತಿರಲಿಲ್ಲ. ಆದರೂ ಮಧ್ಯಾಹ್ನವೆಲ್ಲ ಮೆಟ್ಟಿಲ ಮೇಲೆ ಕೈ ಕೈ ಹಿಡಿದು ಕೂತಿರುತ್ತಿದ್ದರು. ಏನು ದಾಟುತ್ತಿತ್ತೋ.

ಹೋಗುವಾಗ ಟೈಲರಮ್ಮ ಅಂದಳು: "ನಿಮ್ಮಕ್ಕನ ದನಿ ಹೆಂಗಿತ್ತು? ನಾನು ಕೇಳಲೇ ಇಲ್ವಲ್ಲ."

ಹೇಗಿತ್ತು? ಹೇಳಲು ಹೋದೆ. ಮೊದಲು ಬಂದ ಪದವನ್ನು ವಾಪಸ್ ಕಳಿಸಿದೆ.

ಮಾರ್ಚ್ ೨೩, ಶನಿವಾರ

ಫೋನ್ ಬಂತು. ಜೀವ ಬಂದಿದೆ. ಅಕ್ಕನ ಮೇಜಿನ ಮೇಲಿಟ್ಟು ಡ್ರೈವ್ ಚುಚ್ಚಿದೆ. ನೀಲಿ ದೀಪ. ಫಾರ್ಮ್ಯಾಟ್ ಮಾತೇ ಇಲ್ಲ — ಗುರುತು ಹಿಡಿಯಿತು! ಸಾಲುಸಾಲಾಗಿ ಧ್ವನಿ ಫೈಲುಗಳು. ಕೊನೆಯದನ್ನು ಒತ್ತಿದೆ. ಉಸಿರು. ಕುರ್ಚಿ ಸರಿದದ್ದು. ಆಮೇಲೆ ಅವಳು:

"ನೀರು ಕುಡಿದಿಟ್ಟ ಲೋಟದಲ್ಲಿ ಉಳಿಯುವುದು —"

ಕಟ್. ಡ್ರೈವ್ ಸಂಪರ್ಕ ತಪ್ಪಿದೆ.

ತೆಗೆದು ಚುಚ್ಚಿದೆ. ಉಸಿರು, ಕುರ್ಚಿ, ಲೋಟ, ಕಟ್. ಬೇರೆ ಫೈಲು ಒತ್ತಿದರೆ ಅದು ತೆರೆಯುವ ಮೊದಲೇ ಕಟ್. ನಕಲು ಮಾಡಲು ಹೋದರೂ ಕಟ್. ಎಷ್ಟು ಸಲ ಮಾಡಿದೆನೋ. ಒಂದು ಸಲವೂ 'ಉಳಿಯುವುದು' ದಾಟಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. "ಡ್ರೈವ್‌ಗೆ ಹಸಿವು ಜಾಸ್ತಿ ಮೇಡಂ, ಫೋನ್ ಬಡಿಸೋದು ಕಮ್ಮಿ. ಅರ್ಧ ಊಟಕ್ಕೆ ಎದ್ದುಹೋಗುತ್ತೆ. ಎರಡರ ನಡುವೆ ಬೇರೆ ಕರೆಂಟ್ ಕೊಡೋ ಹಬ್ ಹಾಕಿ."

ಇನ್ನೊಂದು ಮಾತು. ಡ್ರೈವ್ ತೆಗೆದು ಮೇಜಿನ ಮೇಲಿಟ್ಟು ಅಡುಗೆಗೆ ಹೋದೆ. ಊಟ ಮುಗಿಸಿ ಬಂದು ಮುಟ್ಟಿದರೆ ಬಿಸಿ. ಯಾವುದಕ್ಕೂ ಚುಚ್ಚಿಲ್ಲ. ಬಿಸಿಲೂ ಇಲ್ಲ. ಈಗಷ್ಟೇ ಬಿಡಿಸಿಕೊಂಡ ಕೈಯಷ್ಟು ಬಿಸಿ.

ಮಾರ್ಚ್ ೨೮, ಗುರುವಾರ

ಹಬ್ ತಂದೆ. ಈ ಫೋನಿಗೆ ಹಬ್ಬೇ ಆಗದು. ಹಬ್ ಹಾಕಿದರೆ ಡ್ರೈವ್ ಕಾಣದು, ತೆಗೆದರೆ ಡ್ರೈವ್ ನಿಲ್ಲದು. ಸಂಜೆ ಫೋನನ್ನು ಮತ್ತೆ ಅಂಗಡಿಗೆ ಕೊಟ್ಟೆ. ಡ್ರೈವ್ ಕೊಡಲು ಮನಸ್ಸಾಗಲಿಲ್ಲ. ಈಗ ದಿನವೂ ಕೋಟಿನ ಜೇಬಿನಲ್ಲೇ ಇರುತ್ತದೆ.

ಬರೆಯಬಾರದು ಅಂದುಕೊಂಡಿದ್ದೆ. ಬೆಳಗ್ಗೆ ಒಬ್ಬರು ಮುದುಕರು — ರಿಟೈರಾದ ಬಸ್ ಡ್ರೈವರ್, ಎರಡೂ ಕಿವಿ ಮಂದ. ಬೂತಿನೊಳಗೆ ಹೋಗಿ ಅವರಿಗೆ ಹೆಡ್‌ಫೋನ್ ಹಾಕಿ ಪಕ್ಕದಲ್ಲಿ ನಿಂತಿದ್ದೆ. ಇನ್ನೂ ಯಾವ ಸದ್ದನ್ನೂ ಕೊಟ್ಟಿರಲಿಲ್ಲ. ಬೆರಳೆತ್ತಿದರು. ಎತ್ತಿದ ಬೆರಳು ಇಳಿಸಲಿಲ್ಲ.

"ಸರ್, ಇನ್ನೂ ಶುರು ಮಾಡಿಲ್ಲ."

ನನ್ನ ಮಾತು ಅವರಿಗೆ ಮುಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಆಲಿಸುತ್ತಿದ್ದರು. "ಈ ಸಲ ಬರೀ ಪೀಂ ಪೀಂ ಅಲ್ವಾ? ಯಾರೋ ಹೆಂಗಸು ಏನೋ ಓದ್ತಾ ಇದಾಳೆ… ನಿಂತ್ಲು. ಮತ್ತೆ ಶುರು ಮಾಡಿದ್ಲು."

ಕಿವಿ ಮಂದವಾದವರಿಗೆ ಇಲ್ಲದ ದನಿ ಕೇಳಿಸುವುದುಂಟು. ಪುಸ್ತಕದಲ್ಲೇ ಇದೆ, ನಾನೇ ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೂ ಅವರು ಹೋದಮೇಲೆ ನಾನೇ ಬೂತಿನೊಳಗೆ ಕೂತೆ. ಜೇಬಿನಲ್ಲಿ ಡ್ರೈವ್. ಜೂನಿಯರ್ ಹುಡುಗಿಗೆ ನನ್ನ ಕಿವಿ ಅಳೆಯಲು ಹೇಳಿದೆ.

"ಇಪ್ಪತ್ತರ ಹುಡುಗಿ ಕಿವಿ ಮೇಡಂ ನಿಮ್ಮದು! ಇರುವೆ ಕೆಮ್ಮಿದ್ರೂ ಕೇಳುತ್ತೆ."

ಅವಳು ಯಂತ್ರ ಆರಿಸಿದ ಮೇಲೂ ಕೂತೇ ಇದ್ದೆ. ಒಳಗೆ ನನ್ನದೇ ರಕ್ತದ ಸದ್ದು. ಮತ್ತೇನೂ ಇಲ್ಲ.

ಏಪ್ರಿಲ್ ೨, ಮಂಗಳವಾರ

ಅಂಗಡಿಯವನು ತಾನೇ ಕರೆದ. ಖುಷಿಯಲ್ಲಿದ್ದ. "ನಡುವೆ ಫೋನು ಹ್ಯಾಂಗ್ ಆಗಿ ಕೂತುಬಿಡ್ತು ಮೇಡಂ. ರಿಸೆಟ್ ಹೊಡೆದೆ. ಈಗ ಹಬ್ಬೂ ತಗೊಳ್ಳುತ್ತೆ, ಹೊಸ ಫೋನಿನ ಥರ ಓಡ್ತಾ ಇದೆ."

ಹೊಸ ಫೋನಿನ ಥರ.

"ಬೀಗದ ಕೈ?" ಅಂದೆ.

ಅವನಿಗೂ ಆಗಲೇ ಹೊಳೆದದ್ದು. ಆ ಕಡೆ ಮೇಜಿನ ಮೇಲೆ ಏನನ್ನೋ ಇಟ್ಟ ಸದ್ದು. "ಅಯ್ಯೋ… ಮೇಡಂ…"

ಬಯ್ಯಬೇಕಿತ್ತು. ಸಂಜೆ ಬಂದು ಫೋನ್ ಒಯ್ಯುತ್ತೇನೆ ಅಂದೆ.

ಏಪ್ರಿಲ್ ೩

ಅಕ್ಕನ ಫೋನಿಗೇ ಚುಚ್ಚಿದೆ. ಹಬ್ ಇದೆ, ಕರೆಂಟ್ ಇದೆ. ದೀಪ ಅಲುಗದೆ ಉರಿಯುತ್ತಿದೆ. ಪರದೆಯ ಮೇಲೆ: ಈ ಡ್ರೈವ್ ಓದಲಾಗುತ್ತಿಲ್ಲ. ಫಾರ್ಮ್ಯಾಟ್ ಮಾಡಲೇ?

ಈ ಫೋನೂ ಗುರುತು ಮರೆಯಿತು.

ಏಪ್ರಿಲ್ ೭, ಭಾನುವಾರ. ಬೆಳಗ್ಗೆ ಹನ್ನೊಂದು

ಮೂರು ದಿನ ಏನೂ ಬರೆಯಲಿಲ್ಲ. ಡ್ರೈವನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನ ಹಾಸಿಗೆಯ ಮೇಲೆ, ಗೋಡೆಯ ಪಕ್ಕಕ್ಕೆ ಇಟ್ಟಿದ್ದೆ. ಮುಟ್ಟಿದಾಗೆಲ್ಲ ಬಿಸಿ. ಬಟ್ಟೆಯೂ ಬಿಸಿ.

ತಂಪು ಅಂತಲೇ ಇಟ್ಟುಕೊಳ್ಳಬಹುದಿತ್ತು. ತಪ್ಪಾದರೂ ತಿದ್ದಲು ಯಾರಿದ್ದಾರೆ? ಆದರೆ ಅವಳ ಪದ್ಯಕ್ಕೆ ನನ್ನ ಪದ ತೇಪೆ ಹಾಕಿ ಅವಳದೆನ್ನಲು ಮನಸ್ಸು ಬಾರದು. ಬೀಗ ಹಾಕಿದ ಮನೆಯ ಮುಂದೆ ದಿನವೂ ಕೂರುವುದೂ ಆಗದು. ಮುಗಿಸಿಬಿಡೋಣ ಅನ್ನಿಸಿದೆ. ಕಸ ಅಂದನಲ್ಲ, ಕಸವನ್ನೇ ಗುಡಿಸುವುದು.

ಚುಚ್ಚಿದ್ದೇನೆ. ಕೇಳುತ್ತಿದೆ. ಫಾರ್ಮ್ಯಾಟ್ ಮಾಡಲೇ?

ಅದೇ ದಿನ. ಮಧ್ಯಾಹ್ನ

ಒತ್ತಿಲ್ಲ. 'ಹೌದು' ಮೇಲೆ ಹೆಬ್ಬೆರಳಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಟೈಲರಮ್ಮ. ಕೊರಳಲ್ಲಿ ಅಳತೆಪಟ್ಟಿ, ಸೆರಗಿನ ತುಂಬ ದಾರದ ತುಂಡು. ಕಿವಿ ಬರಿದು — ಅವಳ ಮಿಷನ್ ಬಿಚ್ಚಿದ ಹಾಗೇ ನನ್ನ ಮೇಜಿನ ಮೇಲಿದೆ, ಬಿಡಿಭಾಗ ಇನ್ನೂ ಬಂದಿಲ್ಲ. ಆಗಿಲ್ಲ ಎಂದು ಕೈಯಾಡಿಸಿ ಹೇಳಿದೆ.

"ಅದಕ್ಕೆ ಬರಲಿಲ್ಲ ಬಿಡು" ಅಂದಳು. ಎಂದಿನ ಹಾಗೆ ಕಿರುಚಲಿಲ್ಲ. ಮಲಗಿದವರಿರುವ ಮನೆಯಲ್ಲಿ ಮಾತಾಡುವ ಹಾಗೆ, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ನನ್ನ ಭುಜದಾಚೆ ಅಕ್ಕನ ಕೋಣೆಯತ್ತ ನೋಡುತ್ತಿದ್ದಳು.

"ಮೂರು ದಿನದಿಂದ ಸೂಜಿಗೆ ದಾರ ಪೋಣಿಸೋಕೆ ಬಿಡ್ತಿಲ್ಲ ನಿಮ್ಮಕ್ಕ. ಗೋಡೆ ಆಚೆ ಒಂದೇ ಸಮ — ಲೋಟದಲ್ಲಿ ಉಳಿಯುವುದು ಲೋಟದ್ದೇ ಬಾಯಾರಿಕೆ, ಲೋಟದ್ದೇ ಬಾಯಾರಿಕೆ… ಮನೇಲೇ ಇದೀಯಲ್ಲ ನೀನು, ಒಂದು ಗುಟುಕು ನೀರು ಕೊಡಬಾರದಾ ಅವಳಿಗೆ?"