ಆನೆಯ ಎಡಗಿವಿ

ತಾತನಿಗೆ ಮೈಸೂರಿನಿಂದ ಭಾಗ್ಯ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಈ ಕಾರ್ಡು.

ಅರಮನೆ ನೋಡಿದೆ. ಕಂಬಗಳನ್ನು ಎಣಿಸಲು ಹೋಗಿ ಲೆಕ್ಕ ತಪ್ಪಿತು. ನನಗೆ ಹಿಡಿಸಿದ್ದು ತೋಟದಲ್ಲಿರುವ ಆನೆ, ಗಿಡವನ್ನೇ ಕತ್ತರಿಸಿ ಮಾಡಿದ್ದು. ನಾನು ಕೆಲಸ ಮಾಡುವ ನಮ್ಮ ಜೆ.ಪಿ. ನಗರದ ಪಾರ್ಕಿಗೂ ಇಂಥದ್ದು ಬೇಕೆಂದೇ ನನ್ನನ್ನು ಕಲಿಯಲು ಕಳಿಸಿರುವುದು. ಅದರ ಹೊಟ್ಟೆಯೊಳಗೆ ಇಣುಕಿದರೆ ಬರೀ ಕಬ್ಬಿಣದ ತಂತಿ ತಾತ. ಕತ್ತರಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಹರಳೆಣ್ಣೆ ಹಚ್ಚಿದ್ದೇನೆ.

ಇವತ್ತು, ನನಗೆ ಕಲಿಸುವ ಮಾಲಿ ಮಾದಣ್ಣ ಆನೆಯ ಎಡಗಿವಿಗೆ ಕತ್ತರಿ ಇಡುವಾಗ ಒಳಗೊಂದು ಹಕ್ಕಿಗೂಡು ಕಂಡಿತು. ಮೂರು ದಿನದಿಂದ ಬಾಯಿ ಬಿಡದಿದ್ದ ನಾನು, "ಅಣ್ಣಾ, ನಿಲ್ಸಿ, ಮೊಟ್ಟೆ ಐತೆ" ಎಂದುಬಿಟ್ಟೆ.

"ನಾಳೆ ಸಾಹೇಬ್ರು ನೋಡಕ್ಕೆ ಬತ್ತಾರೆ. ಒಂದು ಕಿವಿ ಯಾಕ್ ದಪ್ಪ ಅಂದ್ರೆ ಏನ್ ಹೇಳ್ಲವ್ವ?"

"ಆನೆ ಕಿವಿ ಬೀಸ್ತೈತೆ ಅನ್ನಿ."

ಅವರು ನಕ್ಕು ಕತ್ತರಿ ಕೆಳಗಿಟ್ಟರು. ಆದರೆ ಸಾಹೇಬರಿಗೆ ಅದನ್ನು ನಾನೇ ಹೇಳಬೇಕಂತೆ.

ನಿನ್ನ ಬಿಪಿ ಮಾತ್ರೆ ತಪ್ಪಿಸಬೇಡ. ಈ ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಿ ಬಂದು, ಆನೆಯ ಮುಂದೆ ನಿಂತು ಆ ಮಾತನ್ನು ಗಟ್ಟಿಯಾಗಿ ಹೇಳಿ ನೋಡಬೇಕು.